ಬೀಗರ ಕೊಡ

ಸಿಂಧನೂರು
೨೯ ಮೇ ೧೯೮೮

ಅಕ್ಕ ಅಮರಮ್ಮನಿಗೆ, ಬಿ.ಎಸ್ಸಿ. ಪಾಸಾದ ಮೇಲೂ ಬಗ್ಗಿ ಕಾಲು ಮುಟ್ಟುವ ತಮ್ಮ ವೆಂಕೋಬನ ನಮಸ್ಕಾರ.

ಬೇರೆ ಮಾತಿಗೆ ಮೊದಲು ನಾನೊಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ. ಕಳೆದ ಮಂಗಳವಾರ ನಿಮ್ಮೂರಿನಿಂದ ಹೊರಟು ಮಸ್ಕಿಯಲ್ಲಿ ಬಸ್ಸು ಹತ್ತಿದ ಆರೋಪಿಯು, ಅಂದರೆ ನಾನು, ಆರು ಬಾಟಲಿ ನೀರಿದ್ದ ಕಟ್ಟಿಗೆಯ ಪೆಟ್ಟಿಗೆಯನ್ನು ಮೂವರು ಕೂರುವ ಸೀಟಿನ ನಟ್ಟನಡುವೆ ಇಟ್ಟು, ಅದರೊಳಗೆ ಜೀವಂತ ಕಾಲರಾ ಇದೆಯೆಂದು ಸಾರಿ, ಸಿಂಧನೂರಿನವರೆಗೆ ಒಬ್ಬನೇ ಕಾಲು ಚಾಚಿಕೊಂಡು ಬಂದಿದ್ದೇನೆ. ಕಂಡಕ್ಟರ್ ಎರಡು ಮಾರು ದೂರ ನಿಂತು ಕೇಳಿದ:

“ಕಾಲರಾಕ್ಕ ಟಿಕೀಟು?”

“ಇನ್ನಾ ಸಣ್ಣದೈತ್ರಿ. ಹಾಫ್ ಕೊಡ್ರಿ.”

ಕೋಳಿ ಬುಟ್ಟಿ ಹಿಡಿದು ನಿಂತಿದ್ದ ಮುದುಕಿಯೊಬ್ಬಳು, “ಜಡ್ಡಿಗೆ ಕುಂದ್ರಾಕ ಜಾಗ ಐತಿ, ನನಗ ನಿಂದ್ರಾಕ ಇಲ್ಲ” ಎಂದು ಸಿಂಧನೂರು ಬರುವವರೆಗೂ ಬೈದಳು. ಬಿ.ಎಸ್ಸಿ. ಎಂದರೆ ಬಸ್ ಸೀಟು ಎಂಬುದು ಅವತ್ತು ನನಗೆ ತಿಳಿಯಿತು.

ಇನ್ನು ಆ ಬಾಟಲಿಗಳ ಸಮಾಚಾರ. ನಿನ್ನ ಪಡಸಾಲೆಯಲ್ಲಿ ನಾಲ್ಕು ರೊಟ್ಟಿ, ಪುಂಡಿಪಲ್ಯ ಮುಗಿಸಿ ಅಡ್ಡಾದ ನನ್ನನ್ನು ನೋಡಿ ನಿನ್ನ ಯಜಮಾನರು, ಮುದುಕಪ್ಪ ಮಾವ, “ಉಪ್ಪು ಹುಡುಕಾಕ ಸರ್ಕಾರ ಪಗಾರ ಕೊಡ್ತೈತೇನೋ?” ಎಂದಿದ್ದರು. ಮಾವನಿಗೆ ತಿಳಿಸು: ಈ ಉಪ್ಪಿಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಹೆಸರು ಫ್ಲೋರೈಡ್. ಭೂಮಿಯ ಕೆಳಗಿನ ಕಲ್ಲಿನಿಂದ ಬೋರಿಂಗ್ ನೀರಿಗೆ ಇಳಿಯುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲು ಕಂದಾಗುತ್ತದೆ. ಇನ್ನೂ ಏರಿದರೆ ಎಲುಬು ಸೆಟೆಯುತ್ತದೆ, ಕಾಲು ಸೊಟ್ಟಾಗುತ್ತದೆ. ಕಾಯಿಸಿದರೂ ಹೋಗುವುದಿಲ್ಲ, ಸೋಸಿದರೂ ಹೋಗುವುದಿಲ್ಲ. ಒಟ್ಟಿನಲ್ಲಿ ಮನೆಗೆ ಬಂದ ಭಾಮೈದನ ಹಾಗೆ.

ಆದರೆ ನಿಮ್ಮೂರಿಗೆ ಆ ಭಾಮೈದ ಬಂದಿಲ್ಲ! ನಾನು ಇದುವರೆಗೆ ನೀರು ತಂದ ಹದಿನೇಳು ಊರುಗಳಲ್ಲಿ ಕರಿದಿನ್ನಿಯೇ ಮೊದಲ ನಂಬರು. ಆರು ಬಾಟಲಿ, ಆರೂ ಅರ್ಧ ಮಿಲಿಗ್ರಾಮಿನ ಆಸುಪಾಸು. ಕಾಲುವೆಯ ಸಿಹಿನೀರು ಕುಡಿದು ಬೆಳೆದ ಗೊರೇಬಾಳದ ಹುಡುಗಿಯನ್ನು ಒಣಭೂಮಿಗೆ ಕೊಟ್ಟೆವಲ್ಲ ಎಂದು ಅವ್ವ ಸಾಯುವವರೆಗೂ ಅತ್ತಳು. ಅವಳಿದ್ದಿದ್ದರೆ ಈ ಕಾಗದ ತೋರಿಸಿ ನಗಿಸುತ್ತಿದ್ದೆ. ನೀರು, ಮಣ್ಣು ಪರೀಕ್ಷಿಸುವ ನಮ್ಮ ಸರ್ಕಾರಿ ಯೋಜನೆಯ ಮುದ್ರೆ ಒತ್ತಿದ ವರದಿಯ ಪ್ರತಿ ಇದರೊಂದಿಗೆ ಇದೆ. ನಿಶ್ಚಿಂತೆಯಿಂದ ಕುಡಿಯಿರಿ. ನನ್ನ ರಿಜಿಸ್ಟರಿನಲ್ಲಿ ಒಂದೇ ಒಂದು ತಪ್ಪು ಅಂಕಿ ಇಲ್ಲವೆಂದು ಲಿಂಗಸುಗೂರಿನ ಸಾಹೇಬರೇ ಹೇಳಿದ್ದಾರೆ. ವೆಂಕೋಬ ಬರೆದದ್ದು ಎಂದರೆ ಮಸ್ಕಿ ಗುಡ್ಡದ ಬಂಡೆಯ ಮೇಲೆ ಕೊರೆದದ್ದು ಎಂದೇ ತಿಳಿ.

ಸೂಗಿಗೆ ಅವಳ ಮಾಮನ ಮುತ್ತು. ಮಾವನಿಗೆ ನಮಸ್ಕಾರ, ಅದೂ ಅರ್ಧ ಮಿಲಿಗ್ರಾಂ.

ವೆಂಕೋಬ


ಕರಿದಿನ್ನಿ
೧೯ ಜೂನ್ ೧೯೮೮

ತಮ್ಮ ವೆಂಕೋಬನಿಗೆ ಅಕ್ಕನ ಆಶೀರ್ವಾದ.

ನಿನ್ನ ಪತ್ರವನ್ನು ಅಂಗನವಾಡಿಯಲ್ಲಿ ಮಕ್ಕಳನ್ನು ತೂಕಕ್ಕೆ ಹಾಕುವಾಗ ಓದಿದೆ. ಕಾಲರಾದ ಕಥೆಗೆ ನಕ್ಕು ತಕ್ಕಡಿ ಅಲ್ಲಾಡಿ ಒಬ್ಬ ಹುಡುಗನ ತೂಕ ಎರಡು ಸಲ ಬರೆಯಬೇಕಾಯಿತು. ಆ ಮುದುಕಿಯನ್ನು ಎಲ್ಲಿಯಾದರೂ ಕಂಡರೆ ಕೈಮುಗಿ.

ನಿನ್ನ ಕಾಗದಕ್ಕೆ ಇಲ್ಲಿ ಬಹಳ ಮರ್ಯಾದೆ ಸಿಕ್ಕಿತು. ನಿನ್ನ ಮಾವ ಅದನ್ನು ಚಾವಡಿಯಲ್ಲಿ ಎಲ್ಲರ ಮುಂದೆ ಎರಡು ಸಲ ಓದಿಸಿದರು. ಆಮೇಲೆ ಒಂದು ಮಾತು ಎದ್ದಿತು. ಬಾಬುಸಾಬ್ ನಿನಗೆ ಗೊತ್ತಲ್ಲ, ಎರಡು ದಿನಕ್ಕೊಮ್ಮೆ ಮೂರು ಮೈಲಿ ದೂರದ ಕಾಲುವೆಯಿಂದ ಬಂಡಿಯಲ್ಲಿ ಪೀಪಾಯಿ ನೀರು ತರುತ್ತಿದ್ದವನು. ಮೇಲೋಣಿಯ ಮನೆಗಳಲ್ಲಿ ಆ ನೀರನ್ನು ಸಣ್ಣ ಮಕ್ಕಳಿಗೆ ಮತ್ತು ಬಂದವರಿಗೆ ಇಡುತ್ತಿದ್ದೆವು. ದೊಡ್ಡವರಿಗೆ ಬೋರಿಂಗ್ ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಆದರೂ ನಡೆಯುತ್ತಿತ್ತು. ಈಗ ಸರ್ಕಾರವೇ ಬೋರಿಂಗ್ ನೀರು ಚೊಕ್ಕ ಎಂದು ಸಿಕ್ಕಾ ಹೊಡೆದ ಮೇಲೆ ಬಂಡಿ ಯಾಕೆ ಎಂದರು. ಬಾಬುಸಾಬ್ ಪೀಪಾಯಿಗಳನ್ನು ಮಸ್ಕಿಯಲ್ಲಿ ಮಾರಿ, ಈಗ ಬಂಡಿಯಲ್ಲಿ ಕಲ್ಲು ಸಾಗಿಸುತ್ತಾನೆ. ನಿನ್ನೆ ಸಿಕ್ಕಿದ್ದ.

“ನಿಮ್ಮ ತಮ್ಮ ನನ್ನ ಎತ್ತಿಗೆ ಪಿಂಚಣಿ ಕೊಡಿಸ್ಯಾನ ನೋಡ್ರೆವ್ವ” ಎಂದ. ನಕ್ಕೇ ಹೇಳಿದ.

ನಾನೂ ಬಾಗಿಲ ಬಳಿಯ ಬೀಗರ ಕೊಡವನ್ನು ತೊಳೆದು ಬೋರಲು ಹಾಕಿ ಅಟ್ಟಕ್ಕೆ ಇಟ್ಟೆ. ಕಾಲುವೆಯ ನೀರನ್ನು ಒಂದು ಕೊಡದಲ್ಲಿ ತುಂಬಿ ಹಿತ್ತಾಳೆ ತಾಟು ಮುಚ್ಚಿ ಬೀಗರಿಗೆಂದೇ ಎತ್ತಿಡುವುದು ಇಲ್ಲಿಯ ಪದ್ಧತಿ. ಮನೆಯವರು ಯಾರೂ ಅದನ್ನು ಮುಟ್ಟುವುದಿಲ್ಲ. ಇನ್ನು ಆ ರಗಳೆ ಇಲ್ಲ. ಸೂಗಿಗೆ ಐದು ತುಂಬಿತು. ಅವಳು ಬೋರಿಂಗಿನ ಹಿಡಿಕೆಗೆ ಜೋತು ಬಿದ್ದು ತಾನೇ ನೀರು ಹೊಡೆದು ಬೊಗಸೆಯಲ್ಲಿ ಕುಡಿಯುತ್ತಾಳೆ. ಒಂದು ಕಡೆ ನಿಲ್ಲುವುದಿಲ್ಲ, ಬರೀ ಓಟ.

ಅಮರಮ್ಮ


ಸಿಂಧನೂರು
೪ ಡಿಸೆಂಬರ್ ೧೯೮೮

ಅಕ್ಕಾ,

ನಾಲ್ಕೇ ಸಾಲು, ಏಕೆಂದರೆ ದಢೇಸುಗೂರಿನ ಗದ್ದೆಗಳಲ್ಲಿ ಮಣ್ಣಿನ ಪರೀಕ್ಷೆಗೆಂದು ಕೆಸರು ಹೊತ್ತು ಕೈ ಸೋತಿದೆ. ಲಿಂಗಸುಗೂರಿನಲ್ಲಿ ಹೊಸ ಹುಡುಗರಿಗೆ ತರಬೇತಿ ಇತ್ತು. ನೀರು ಅಳೆಯುವುದು ಹೇಗೆಂದು ಹೇಳಿಕೊಡಲು ನನ್ನನ್ನೇ ನಿಲ್ಲಿಸಿದರು. ಒಂದು ತಾಸು ಮಾತಾಡಿದೆ. ನೀರಿನ ವಿಷಯವಾದರೂ ನೀರಸ ಆಗಲಿಲ್ಲವಂತೆ. ಕರಿದಿನ್ನಿಯ ಪುಟವನ್ನೇ ಮಾದರಿ ಎಂದು ತೋರಿಸಿದೆ: ಆರು ಬಾಟಲಿ, ಒಂದಕ್ಕೊಂದು ಅಣ್ಣತಮ್ಮಂದಿರ ಹಾಗೆ ಹೊಂದಿಕೊಂಡ ಅಂಕಿಗಳು. ನಿಮ್ಮೂರು ಪಾಠವಾಗಿದೆ ಎಂದು ಮಾವನಿಗೆ ಹೇಳು.

ವೆಂಕೋಬ


ಕರಿದಿನ್ನಿ
೮ ಜನವರಿ ೧೯೯೦

ತಮ್ಮ ವೆಂಕೋಬನಿಗೆ ಆಶೀರ್ವಾದ.

ವರ್ಷ ದಾಟಿತು, ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಈಗಲೂ ದೊಡ್ಡದೇನಿಲ್ಲ.

ಸೂಗಿ ಬೆಳಿಗ್ಗೆ ಏಳುವಾಗ ಹಿಮ್ಮಡಿ ನೋಯುತ್ತದೆ ಎನ್ನುತ್ತಾಳೆ. ಗೋಡೆ ಹಿಡಿದು ಹತ್ತು ಹೆಜ್ಜೆ ಇಟ್ಟ ಮೇಲೆ ಸರಿಹೋಗುತ್ತದೆ. ಶಾಲೆ ತಪ್ಪಿಸುವ ಆಟ ಎಂದು ನಿನ್ನ ಮಾವ ಬೈದರು. ಬೆಳೆಯುವ ಎಲುಬು, ನೋಯುತ್ತಿರಬಹುದು. ಓಣಿಯಲ್ಲಿ ಇನ್ನೂ ನಾಲ್ಕೈದು ಮಕ್ಕಳು ಹಾಗೇ ಅನ್ನುತ್ತಾರಂತೆ. ಇನ್ನೊಂದು, ಕೇರಿಯ ಮಕ್ಕಳ ಹಲ್ಲು ಮೊದಲಿನಿಂದಲೂ ಕಂದು. ಬೂದಿಯಲ್ಲಿ ತಿಕ್ಕುವುದರಿಂದ ಎಂದು ನಾನು ಅವರ ತಾಯಂದಿರಿಗೆ ಹೇಳುತ್ತ ಬಂದಿದ್ದೇನೆ. ಒಳ್ಳೆಯ ಹಲ್ಲಿನ ಪುಡಿ ಯಾವುದೆಂದು ಬರೆ. ಸೂಗಿಯ ಮಾತು ಹೀಗೇ ಬರೆದೆ, ಗಾಬರಿಯಾಗಬೇಡ.

ಅಮರಮ್ಮ


ಸಿಂಧನೂರು
೨೫ ಜನವರಿ ೧೯೯೦

ಅಕ್ಕಾ,

ಗಾಬರಿ? ನನಗೆ? ಗಾಬರಿಯಾಗಲು ಬಿಡುವೆಲ್ಲಿದೆ!

ಹಲ್ಲಿನ ಪುಡಿಯ ಎರಡು ಡಬ್ಬಿ ಕಳಿಸಿದ್ದೇನೆ, ಸೂಗಿಗೆ ಕೆಂಪು ರಿಬ್ಬನ್ ಕೂಡ. ಹಿಮ್ಮಡಿ ನೋವಿಗೆ ನನ್ನ ವೈದ್ಯಕೀಯ ಅಭಿಪ್ರಾಯವೆಂದರೆ ಅದು ಲೆಕ್ಕದ ಮಾಸ್ತರಿಂದ ಬರುವ ರೋಗ. ಭಾನುವಾರ ತಾನಾಗಿ ವಾಸಿಯಾಗುತ್ತದೆ. ಮಕ್ಕಳು ಬಿಸಿಲಲ್ಲಿ ಕುಣಿದು ನೀರು ಕುಡಿಯುವುದನ್ನು ಮರೆಯುತ್ತಾರೆ. ದಿನಕ್ಕೆ ಎರಡು ಚೆಂಬು ಹೆಚ್ಚು ಕುಡಿಸು. ನಿಮ್ಮೂರಲ್ಲಿ ನೀರಿಗೇನು ಕೊರತೆ, ಮೊದಲ ನಂಬರಿನ ನೀರು!

ವೆಂಕೋಬ


ಕರಿದಿನ್ನಿ
೧೧ ಆಗಸ್ಟ್ ೧೯೯೧

ವೆಂಕೋಬ,

ನೀನು ಹೇಳಿದಂತೆ ಒಂದೂವರೆ ವರ್ಷ ದಿನಕ್ಕೆ ಎರಡು ಚೆಂಬು ಹೆಚ್ಚು ಕುಡಿಸಿದೆ. ಬೇಡ ಎಂದರೂ ಮೂಗು ಹಿಡಿದು ಕುಡಿಸಿದೆ.

ಸೂಗಿಯ ಮೊಣಕಾಲುಗಳು ಒಳಗೆ ಬಾಗಿವೆ. ನಿಂತರೆ ಮೊಣಕಾಲು ಒಂದಕ್ಕೊಂದು ತಾಗುತ್ತವೆ, ಪಾದಗಳ ನಡುವೆ ನನ್ನ ಒಂದು ಗೇಣು ಹಿಡಿಯುತ್ತದೆ. ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ನಿನಗೆ ಮೊದಲೇ ಬರೆಯಬಹುದಾಗಿತ್ತು. ಹಬ್ಬಕ್ಕೆ ಬಾ ಎಂದು ಎರಡು ಸಲ ಕರೆದಾಗ ನಾವು ಬರಲಿಲ್ಲವಲ್ಲ, ಬಿತ್ತನೆ ಇದೆ ಎಂದು ಸುಳ್ಳು ಹೇಳಿದೆ. ಅವಳು ನಡೆಯುವುದನ್ನು ನೀನು ನೋಡಬಾರದೆಂದು ಅನಿಸಿತ್ತು.

ಕಳೆದ ವಾರ ಲಿಂಗಸುಗೂರಿಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಏನೋ ಬರೆಯತೊಡಗಿದವರು ನಿಲ್ಲಿಸಿ ಕೇಳಿದರು:

“ಊರಾಗ ಕುಡಿಯಾಕ ಯಾವ ನೀರವ್ವಾ?”

“ಬೋರಿಂಗಿಂದ್ರಿ.”

“ಟೆಸ್ಟ್ ಮಾಡ್ಸ್ಯಾರೇನು?”

“ಮಾಡ್ಸ್ಯಾರ್ರೀ. ನನ್ನ ತಮ್ಮನ ಮಾಡ್ಯಾನ.”

ನಿನ್ನ ವರದಿಯನ್ನು ಚೀಲದಲ್ಲೇ ಇಟ್ಟುಕೊಂಡು ಹೋಗಿದ್ದೆ. ತೆಗೆದು ಕೊಟ್ಟೆ, ಹೆಮ್ಮೆಯಿಂದಲೇ ಕೊಟ್ಟೆ. ಅವರು ಓದಿದರು, ಮುದ್ರೆ ನೋಡಿದರು, ಮಡಚಿ ವಾಪಸು ಕೊಟ್ಟರು. “ಹಂಗಾದ್ರ ನೀರಿಂದಲ್ಲ ಬಿಡು” ಎಂದು, ಬರೆದಿದ್ದ ಒಂದು ಸಾಲನ್ನು ಹೊಡೆದು ಹಾಕಿ, ಸುಣ್ಣದ ಅಂಶ ಸಾಲದು, ಬರೀ ಜೋಳ ತಿನ್ನುತ್ತೀರಿ ಎಂದು ಗುಳಿಗೆ ಬರೆದುಕೊಟ್ಟರು.

ಬಂದ ಮೇಲೆ ನಾನು ಅಂಗನವಾಡಿಯ ಹಳೆಯ ಪುಸ್ತಕಗಳನ್ನು ತೆಗೆದು, ಹೆಸರು ಹಿಡಿದು ಮನೆಮನೆಗೆ ಹೋದೆ. ಮಕ್ಕಳನ್ನು ಗೋಡೆಗೆ ಆನಿಸಿ ನಿಲ್ಲಿಸಿ ನೋಡಿದೆ. ಮೂವತ್ತೊಂದು ಮಕ್ಕಳು. ಹದಿನಾಲ್ಕು ಮೇಲೋಣಿಯಲ್ಲಿ, ಹದಿನೇಳು ಕೇರಿಯಲ್ಲಿ. ಅಷ್ಟು ಮನೆಯವರೂ ಬರೀ ಜೋಳವನ್ನೇ ನಮ್ಮ ಅಜ್ಜ ಮುತ್ತಜ್ಜರ ಕಾಲದಿಂದ ತಿಂದವರು, ಆ ಅಜ್ಜಂದಿರ ಕಾಲು ನೆಟ್ಟಗೇ ಇದ್ದವು.

ನಾನು ಏಳನೇ ಇಯತ್ತೆ ಓದಿದವಳು. ನಿನ್ನ ನೀರು ತಪ್ಪು ಎಂದು ಹೇಳುತ್ತಿಲ್ಲ. ಮತ್ತೊಮ್ಮೆ ನೋಡಲು ಬರುತ್ತದೆಯೇ ಎಂದಷ್ಟೇ ಕೇಳುತ್ತಿದ್ದೇನೆ.

ಅಮರಮ್ಮ


ಸಿಂಧನೂರು
೨ ಸೆಪ್ಟೆಂಬರ್ ೧೯೯೧

ಅಕ್ಕಾ,

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಮೂರು ಸಲ ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ಒಂದು ಹಾಸ್ಯ ಇತ್ತು, ಎರಡನೆಯದರಲ್ಲಿ ನನ್ನ ಉಪಕರಣದ ಸಮರ್ಥನೆ ಇತ್ತು, ಮೂರನೆಯದರಲ್ಲಿ ಡಾಕ್ಟರಿಗೆ ಬೈಗುಳ ಇತ್ತು.

ನನ್ನ ಅಳತೆ ತಪ್ಪಿಲ್ಲ. ಅದೇ ದಿನ, ಫ್ಲೋರೈಡ್ ಎಷ್ಟಿದೆಯೆಂದು ಮೊದಲೇ ಗೊತ್ತಿದ್ದ ನೀರನ್ನೂ ಹಾಕಿ ನೋಡಿದ್ದೆ, ಸರಿ ಬಂದಿತ್ತು. ಆದ್ದರಿಂದ ಬಾಟಲಿಯೊಳಗೆ ಬಂದ ನೀರೇ ಯಾವುದೆಂದು ಕೇಳಬೇಕಾಗಿದೆ. ನಿಯಮದ ಪ್ರಕಾರ ನಾನೇ ಬೋರಿಂಗಿನ ಬಾಯಿಗೆ ಬಾಟಲಿ ಹಿಡಿಯಬೇಕಿತ್ತು. ಆವತ್ತು ಬಿಸಿಲು, ನಿನ್ನ ಊಟ, ನಿನ್ನ ಪಡಸಾಲೆಯ ತಂಪು. “ಓಣ್ಯಾಗ ಐದು ಮನಿಗೆ ಕೊಡಕ್ಕಾ, ಕುಡಿಯೋ ನೀರು ತುಂಬಿ ಕೊಡ್ಲಿ” ಎಂದು ಹೇಳಿ ಮಲಗಿದೆ. ಎದ್ದಾಗ ಬಾಟಲಿಗಳು ಸಾಲಾಗಿ ಕಟ್ಟೆಯ ಮೇಲಿದ್ದವು.

ಆ ನೀರನ್ನು ಯಾವುದರಿಂದ ತುಂಬಿದರು, ಕೇಳಿ ಬರೆ. ಇದರೊಂದಿಗೆ ಎರಡು ಬಾಟಲಿ ಇವೆ. ಒಂದನ್ನು ಮೇಲೋಣಿಯ ಬೋರಿಂಗಿನಲ್ಲಿ, ಇನ್ನೊಂದನ್ನು ಕೇರಿಯ ಬೋರಿಂಗಿನಲ್ಲಿ ನೀನೇ ಕೈಯಾರೆ ಹಿಡಿ. ಅಲ್ಲಿಯವರೆಗೆ ಸೂಗಿಗೆ ಆ ನೀರು ಬೇಡ.

ವೆಂಕೋಬ


ಕರಿದಿನ್ನಿ
೨೨ ಸೆಪ್ಟೆಂಬರ್ ೧೯೯೧

ವೆಂಕೋಬ,

ಮೊದಲು ಬಾಬುಸಾಬನ ಹೆಂಡತಿ ಪೀರ್‌ಬೀಯನ್ನು ಕೇಳಿದೆ. ಅವಳಿಗೆ ಆ ದಿನ ಚೆನ್ನಾಗಿ ನೆನಪಿತ್ತು.

“ಬೀಗರ ಕೊಡದಿಂದ ಕೊಟ್ಟೀನಿ, ಮತ್ಯಾತರಿಂದ ಕೊಡ್ಲಿ? ಊರಿಗೆ ಬಂದ ಮನಿಷ್ಯಾ, ನಿನ್ನ ಬೆನ್ನಿಗೆ ಬಿದ್ದ ತಮ್ಮ, ಕುಡಿಯೋ ನೀರು ಅಂತ ಬಾಯಿಬಿಟ್ಟು ಕೇಳ್ಯಾನ. ಅವನ ಕೈಯಾಗ ಬೋರಿಂಗ್ ನೀರು ಇಡಾಕ ನಾವೇನು ಮರ್ಯಾದಿ ಬಿಟ್ಟೀವೇನು?”

“ಕುಡಿಯಾಕಲ್ಲ ಪೀರಮ್ಮಾ, ನೋಡಾಕ ಕೇಳಿದ್ದ.”

“ನೋಡಾಕಾದ್ರ ಇನ್ನಾ ಚಲೋದು ಕೊಡಬೇಕಲ್ಲ! ನಾಲ್ಕು ಮಂದಿ ಸಾಹೇಬ್ರು ನೋಡತಾರಂತ ಗೊತ್ತಿದ್ದ ಕೊಟ್ಟೀನಿ.”

ಉಳಿದ ಮೂರು ಮನೆಗಳಲ್ಲೂ ಇದೇ ಮಾತು. ಒಬ್ಬಳು ಕೊಡದ ತಳದ ನೀರು ಬೇಡವೆಂದು ಮೇಲಿನ ತಿಳಿಯನ್ನೇ ಬಗ್ಗಿಸಿದ್ದಳಂತೆ.

ಐದನೆಯದು ನಾನು. ತಾಟು ಸರಿಸಿ ನಾನೇ ತುಂಬಿದೆ. ನೀನು ನನ್ನ ಎದುರಿಗೇ ಮಲಗಿದ್ದೆ, ನಿನ್ನ ಮುಖದ ಮೇಲೆ ನೊಣ ಕೂತಿತ್ತು, ಅದನ್ನು ಓಡಿಸಿ ತುಂಬಿದೆ. ಯಾವ ನೀರು ಎಂಬ ಪ್ರಶ್ನೆಯೇ ನನ್ನ ತಲೆಗೆ ಬರಲಿಲ್ಲ. ಆಮೇಲೆ ಆ ಕೊಡವನ್ನು ಅಟ್ಟಕ್ಕೆ ಏರಿಸಿದಾಗಲೂ ಬರಲಿಲ್ಲ.

ಬಾಟಲಿಗಳನ್ನು ಮಸ್ಕಿಯಿಂದ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ. ನಿನ್ನ ಮಾವನಿಗೆ ಇನ್ನೂ ಹೇಳಿಲ್ಲ.

ಅಮರಮ್ಮ


ಸಿಂಧನೂರು
೧೦ ನವೆಂಬರ್ ೧೯೯೧

ಅಕ್ಕಾ,

ಮೇಲೋಣಿ ೬.೩. ಕೇರಿ ೬.೧. ಮೂರು ಸಲ ಅಳೆದೆ.

ಅಂದರೆ ಇರಬೇಕಾದದ್ದಕ್ಕಿಂತ ನಾಲ್ಕು ಪಟ್ಟು. ನಾವು ಬಾಟಲಿಯಲ್ಲಿ ಹಿಡಿದದ್ದು ಗೊರೇಬಾಳದ ಕಡೆಯಿಂದ ಹರಿದು ಬಂದ ಅದೇ ಕಾಲುವೆಯ ನೀರನ್ನು. ಅದಕ್ಕೆ ಕರಿದಿನ್ನಿಯ ಹೆಸರು ಬರೆದು ಮುದ್ರೆ ಒತ್ತಿದೆ. ಆ ಕಾಗದ ನೋಡಿ ನೀವು ಕಾಲುವೆಯ ನೀರನ್ನು ಬಿಟ್ಟಿರಿ.

ನಾಲ್ಕನೇ ತಾರೀಖು ಲಿಂಗಸುಗೂರಿನಲ್ಲಿ ಸಭೆ ಇತ್ತು. ಸಿಂಧನೂರು, ಲಿಂಗಸುಗೂರು ಎರಡೂ ಕಡೆಯ ಡಾಕ್ಟರುಗಳು, ಎಂಜಿನಿಯರುಗಳು, ನಮ್ಮ ಸಾಹೇಬರು, ಎಲ್ಲ ಇದ್ದರು. ನಾನು ಎದ್ದು ನಿಂತೆ. ಊಟ ಮಾಡಿ ಮಲಗಿದ್ದನ್ನು ಹೇಳಿದೆ, ಬಾಟಲಿಯನ್ನು ಮನೆಗಳಿಗೆ ಕಳಿಸಿದ್ದನ್ನು ಹೇಳಿದೆ, ಬೀಗರ ಕೊಡದ ಪದ್ಧತಿಯನ್ನು ವಿವರಿಸಿದೆ. ನೌಕರಿ ಹೋಗುತ್ತದೆ ಎಂದುಕೊಂಡಿದ್ದೆ. ಆದದ್ದು ಬೇರೆ. ಸಾಹೇಬರು ಕನ್ನಡಕ ತೆಗೆದು, “ಇದು ಯಾವ ಪುಸ್ತಕದಲ್ಲೂ ಇಲ್ಲ, ವೆಂಕೋಬ” ಎಂದರು. ಇನ್ನು ಮುಂದೆ ಜಿಲ್ಲೆಯ ಯಾವ ಊರಲ್ಲೂ ಮನೆಯಿಂದ ಬಾಟಲಿ ತುಂಬಿಸಬಾರದು, ಹಳೆಯ ಅಂಕಿಗಳನ್ನೆಲ್ಲ ಮತ್ತೆ ನೋಡಬೇಕು ಎಂದು ಹುಕುಂ ಆಯಿತು. ವರದಿಯಲ್ಲಿ ಬೀಗರ ಕೊಡದ ಮೇಲೆ ಎರಡು ಪುಟ ಬರುತ್ತದೆಯಂತೆ, ಅದನ್ನು ಕಂಡುಹಿಡಿದವನೆಂದು ನನ್ನ ಹೆಸರೂ.

ತಪ್ಪು ಮಾಡಿದೆ ಅಕ್ಕಾ, ಆದರೆ ನಲವತ್ತು ಜನರ ಮುಂದೆ ತಲೆ ಎತ್ತಿ ಒಪ್ಪಿಕೊಂಡೆ. ಒಂದಕ್ಷರ ಬಚ್ಚಿಡಲಿಲ್ಲ. ಅಷ್ಟು ಸಮಾಧಾನ ನನಗಿದೆ.

ಸೂಗಿಯ ವಿಷಯವನ್ನು ಸಭೆ ಮುಗಿದ ಮೇಲೆ, ಅವಳ ಎಕ್ಸ್‌ರೇ ನೋಡಿದ ಆ ಡಾಕ್ಟರನ್ನೇ ಕೇಳಿದೆ. ಈಗ ನೀರು ಬದಲಿಸಿದರೆ ಇನ್ನಷ್ಟು ಬಾಗುವುದು ನಿಲ್ಲಬಹುದು. ಆದದ್ದು ತಾನಾಗಿ ನೆಟ್ಟಗಾಗುವುದಿಲ್ಲ. ದೊಡ್ಡವಳಾದ ಮೇಲೆ ಎಲುಬು ಕೊಯ್ದು ಕೂಡಿಸುವ ಆಪರೇಷನ್ ಇದೆ, ದೂರದ ಊರಿನಲ್ಲಿ. ಅವರು ತಾವು ಹೊಡೆದು ಹಾಕಿದ ಸಾಲನ್ನು ನೆನಪಿಟ್ಟಿದ್ದರು.

ಮುಂದಿನ ವಾರ, ಈ ನೀರು ಕುಡಿಯಬಾರದೆಂಬ ಗುರುತಿಗೆ ಬೋರಿಂಗುಗಳಿಗೆ ಕೆಂಪು ಬಣ್ಣ ಬಳಿಯಲು ಜೀಪು ಬರುತ್ತದೆ.

ವೆಂಕೋಬ


ಕರಿದಿನ್ನಿ
೧೫ ಡಿಸೆಂಬರ್ ೧೯೯೧

ವೆಂಕೋಬ,

ಜೀಪು ಬಂತು. ನೀನೂ ಅದರಲ್ಲಿದ್ದೆ. ಸೂಗಿ ಬಾಗಿಲಿನಿಂದ ನಿನ್ನನ್ನು ನೋಡಿ “ಮಾಮಾ” ಎಂದು ಹೊರಟವಳು ಮೂರನೇ ಹೆಜ್ಜೆಗೆ ಬಿದ್ದಳು. ಎಬ್ಬಿಸಿ ನಿಲ್ಲಿಸುವಷ್ಟರಲ್ಲಿ ಜೀಪು ಹೋಗಿತ್ತು. ನೀನು ನೋಡಲಿಲ್ಲ ಎಂದೇ ಅವಳಿಗೆ ಹೇಳಿದ್ದೇನೆ.

ಈಗ ಕಾಲುವೆಗೆ ಹೆಂಗಸರೇ ನಡೆದು ಹೋಗುತ್ತೇವೆ, ದಿನಕ್ಕೆ ಎರಡು ಸಲ. ಕೇರಿಯವರೂ ಬರುತ್ತಾರೆ. ಬಾಬುಸಾಬನ ಹತ್ತಿರ ಪೀಪಾಯಿ ಇಲ್ಲ, ಒಂದು ಎತ್ತು ಸತ್ತಿದೆ. ನಿನ್ನ ಮಾವನಿಗೆ ಎಲ್ಲ ಹೇಳಿದೆ. ಅವರು ನಿನ್ನ ಹೆಸರು ಎತ್ತುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ಪತ್ರ ಬರೆಯಲು ಕಾರಣ ಯಮನಮ್ಮ. ಕೇರಿಯವಳು, ನಿನ್ನ ಆರನೇ ಬಾಟಲಿ ತುಂಬಿ ಕೊಟ್ಟವಳು. ಅವಳ ಮಗ ಲಾಲಪ್ಪನಿಗೆ ಹನ್ನೊಂದು ವರ್ಷ, ಕೈಯೂರಿಕೊಂಡೇ ಸರಿಯುತ್ತಾನೆ. ಮೊನ್ನೆ ಕಾಲುವೆಯ ದಂಡೆಯಲ್ಲಿ ಕೊಡ ಇಳಿಸಿ ಬೀಗರ ಕೊಡದ ಕಥೆಯನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಅಂದಳು:

“ಅದು ನಿಮ್ಮ ಮನಿಗೋಳ ಮಾತಾತ್ರೆವ್ವ. ನಮ್ಮ ಕೇರಿಗೆ ಬಾಬುಸಾಬನ ಬಂಡಿ ಯಾವತ್ತು ಬಂದೈತಿ? ನಮ್ಮ ಬೀಗರೂ ಬೋರಿಂಗ್ ನೀರ ಕುಡದು ಹೋಗ್ಯಾರ. ನಾನು ಬೋರಿಂಗಿಂದನ ಹಿಡದು ಕೊಟ್ಟೀನಿ. ಮತ್ತ ನನ್ನ ಬಾಟಲಿ ಏನು ಹೇಳ್ತು?”

“ಅದೂ ಅರ್ಧನ ಬಂದಿತ್ತಂತ ಬರದಿದ್ದ” ಎಂದೆ.

“ಹೆಂಗ ಬರ್ತೈತ್ರೀ ಅರ್ಧ? ನೀರು ಒಂದ ಐತಿ. ನಿಮ್ಮ ತಮ್ಮಗ ಕೇಳ್ರಿ. ನಾ ಏನು ಜಗಳಕ್ಕ ಕೇಳಾಕತ್ತಿಲ್ಲ. ಲಾಲಪ್ಪ ಕೇಳ್ತಾನ, ಅವಗ ಹೇಳಬೇಕು.”

ನಿನ್ನನ್ನು ಕೇಳಿ ಹೇಳುತ್ತೇನೆ ಎಂದು ಬಂದಿದ್ದೇನೆ. ಬರೆ.

ಅಮರಮ್ಮ


ಸಿಂಧನೂರು
೧೯ ಜನವರಿ ೧೯೯೨

ಅಕ್ಕಾ,

ಜೀಪಿನಿಂದ ಸೂಗಿಯನ್ನು ನೋಡಿ, ಡ್ರೈವರಿಗೆ ನಡಿ ಎಂದವನು ನಾನೇ.

ಯಮನಮ್ಮನಿಗೆ ಉತ್ತರ ಬರೆಯುತ್ತಿದ್ದೇನೆ. ಇದನ್ನು ಅವಳಿಗೂ ಲಾಲಪ್ಪನಿಗೂ ಓದಿ ಹೇಳು. ಹೇಳಲಾಗದಿದ್ದರೆ ಬರೆ, ನಾನೇ ಬಂದು ಕೇರಿಯಲ್ಲಿ ನಿಂತು ಓದುತ್ತೇನೆ. ಬರೆಯದಿದ್ದರೂ ಬರುತ್ತೇನೆ.

ಅವಳ ಬಾಟಲಿ ಅರ್ಧ ಹೇಳಲಿಲ್ಲ. ೬.೧ ಹೇಳಿತು. ೧೯೮೮ರ ಮೇ ತಿಂಗಳಲ್ಲೇ ಹೇಳಿತು.

ಐದು ಬಾಟಲಿ ಅರ್ಧ ಎಂದವು, ಆರನೆಯದು ಹಾಗೆ ಎಂದಿತು. ನಿಯಮವೇನೆಂದರೆ ಒಂದು ಅಂಕಿ ಹೊಂದದಿದ್ದರೆ ಮತ್ತೆ ಅಳೆಯಬೇಕು, ಅನುಮಾನವಿದ್ದರೆ ಆ ಊರಿಗೆ ಮತ್ತೆ ಹೋಗಬೇಕು. ಸಂಜೆ ಐದಾಗಿತ್ತು. ಟಾಕೀಸಿನಲ್ಲಿ ಮೊದಲ ಆಟಕ್ಕೆ ಗೆಳೆಯರು ಕಾಯುತ್ತಿದ್ದರು. ನಾನು ಆ ಬಾಟಲಿಯನ್ನು ಎತ್ತಿ ಅದರ ಚೀಟಿ ನೋಡಿದೆ. ಕೇರಿ ಎಂದಿತ್ತು. ನೋಡಿದ ಕೂಡಲೇ ನನಗೆ ಎಲ್ಲ ಅರ್ಥವಾದಂತಾಯಿತು: ಬಾಟಲಿ ಸರಿಯಾಗಿ ತೊಳೆದಿಲ್ಲ, ಏನೋ ಕೊಳೆ ಬೆರೆತಿದೆ. ಐದು ಚೊಕ್ಕ ಮನೆಗಳ ನಡುವೆ ಒಂದು ಹೊಲಸು ಬಾಟಲಿ. ಮತ್ತೆ ಅಳೆಯಲಿಲ್ಲ. ನೀರನ್ನು ಬಚ್ಚಲಿಗೆ ಸುರಿದು, ರಿಜಿಸ್ಟರಿನಲ್ಲಿ ೦.೬ ಎಂದು ಬರೆದೆ. ನೇರವಾಗಿ ಶಾಯಿಯಲ್ಲಿ ಬರೆದೆ, ಅದಕ್ಕೇ ಆ ಪುಟದಲ್ಲಿ ತಿದ್ದುಪಡಿ ಇಲ್ಲ.

ಸಭೆಯಲ್ಲಿ ಬೀಗರ ಕೊಡದ ಬಗ್ಗೆ ಹೇಳುವಾಗ ಇದು ನನ್ನ ನಾಲಗೆಯ ಮೇಲೆ ಇತ್ತು. ಸಾಹೇಬರು ಕನ್ನಡಕ ತೆಗೆದ ಮೇಲೆ ಒಳಗೆ ಹೋಯಿತು. ಐದು ಮನೆಯವರ ಮರ್ಯಾದೆಯಿಂದ ಆದ ತಪ್ಪು ಎಂದರೆ ಕೇಳುವವರಿಗೂ ಚಂದ, ನನಗೂ ಚಂದ. ಒಂದಕ್ಷರ ಬಚ್ಚಿಡಲಿಲ್ಲ ಎಂದು ನಿನಗೆ ಬರೆದೆ. ಬಚ್ಚಿಟ್ಟದ್ದು ಆ ಒಂದು ಅಂಕಿಯನ್ನೇ. ಅದನ್ನು ಆವತ್ತೇ ನಂಬಿದ್ದರೆ ಬಂಡಿ ನಿಲ್ಲುತ್ತಿರಲಿಲ್ಲ, ಎರಡು ಚೆಂಬು ಹೆಚ್ಚು ಕುಡಿಸು ಎಂದು ನಾನು ಬರೆಯುತ್ತಿರಲಿಲ್ಲ, ಲಾಲಪ್ಪನಿಗೆ ಆಗ ಏಳೋ ಎಂಟೋ. ಸಾಹೇಬರಿಗೆ ನಿನ್ನೆ ಇದನ್ನು ಬರೆದುಕೊಟ್ಟಿದ್ದೇನೆ.

ಇನ್ನೊಂದಿದೆ. ಅವರಿಗೆ ಬರೆದುಕೊಟ್ಟದ್ದರಲ್ಲಿ ಅದು ಇಲ್ಲ, ನಿನಗೆ ಬರೆಯುತ್ತಿದ್ದೇನೆ.

ನೀರು ತುಂಬುವ ಮೊದಲು ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆಯಬೇಕು ಎಂಬುದು ನಮ್ಮ ಮೊದಲ ಪಾಠ. ನಿನಗೆ ಕೊಟ್ಟ ಐದು ಬಾಟಲಿಗಳ ಜೊತೆ ಆ ಮಾತು ಹೇಳಲಿಲ್ಲ. ನಿಮ್ಮ ಕೈ ಚೊಕ್ಕ, ಹೇಳುವುದೇನಿದೆ ಎಂದುಕೊಂಡೆ. ಯಮನಮ್ಮ ನಿನ್ನ ಅಂಗಳದ ಅಂಚಿಗೆ ಬಂದು ನಿಂತಾಗ ಅವಳ ಬಾಟಲಿಯನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು, ಬೆರಳು ಎಣಿಸಿ ತೋರಿಸಿ, ಬೋರಿಂಗಿನ ಬಾಯಿಗೇ ಹಿಡಿ, ಮೂರು ಸಲ ತೊಳಿ, ಮರೀಬ್ಯಾಡ ಎಂದು ಎರಡೆರಡು ಸಲ ಹೇಳಿದೆ. ಅವಳು ಹಾಗೆಯೇ ಮಾಡಿದ್ದಳು. ನಾನು ಹದಿನೇಳು ಊರುಗಳಿಂದ ತಂದ ಬಾಟಲಿಗಳಲ್ಲಿ ನಿಯಮದ ಪ್ರಕಾರ ತುಂಬಿದ್ದು ಅದೊಂದೇ ಇರಬೇಕು. ಏಕೆಂದರೆ ಆ ನಿಯಮವನ್ನು ನಾನು ಹೇಳಿದ್ದು ಅವಳೊಬ್ಬಳಿಗೇ. ನಾನಂತೂ ಒಂದು ಬಾಟಲಿಯನ್ನೂ ತೊಳೆದವನಲ್ಲ.

ವೆಂಕೋಬ